ಹುಡುಗನ ಕಡೆಯವರು ಬರ್ತಾರಂತ ತಂದ ದೀಪ

ನಮ್ಮ ಮನ್ಯಾಗ ಒಂದು ಸಾಮಾನು ಸುಮ್ಮನ ಬಂದು ಸುಮ್ಮನ ಕುಂತದ್ದ ಇಲ್ಲರಿ. ಮಿಕ್ಸರ್ ತಂದ್ರೂ ಓಣಿ ಕೂಡತೈತಿ. ಈ ಸಲ ತಂದದ್ದು ದೀಪ. ಗಡಹಿಂಗ್ಲಜದಿಂದ ಹುಡುಗನ ಕಡೆಯವರು ಐತವಾರ ಮಗಳನ್ನ ನೋಡಾಕ ಬರೋರಿದ್ರು. ಹುಡುಗ ಹುಡುಗಿ ಫೋನಿನ್ಯಾಗ ಮಾತಾಡಿ ಒಬ್ಬರಿಗೊಬ್ಬರು ಒಪ್ಪಿದ್ರು. ಹುಡುಗನ ಅಜ್ಜಿ ಹ್ಞೂಂ ಅನ್ನೂದೊಂದ ಉಳದಿತ್ತು. ಆಕಿ ಒಲ್ಲೆ ಅಂದ್ರ ಹೆಂಗಪಾ ಅಂತ ನನಗ ಅನ್ನಾನೂ ಸೇರವಲ್ದಾಗಿತ್ತು. ಅದರಾಗ ಮಗಳು, "ಅವ್ವಾ, ಈ ಟ್ಯೂಬ್‌ಲೈಟಿನ್ಯಾಗ ಯಾರ ಮುಖದಾಗೂ ಕಳೆ ಕಾಣೂದಿಲ್ಲ. ಸೋಫಾದ ಬಾಜೂಕ ಒಂದು ಫ್ಲೋರ್ ಲ್ಯಾಂಪ್ ಬೇಕ" ಅಂತ ಹಟಾ ಹಿಡದ್ಲು. ಆಳೆತ್ತರದ ಕಂಬ, ಅದರ ತಲೀಗೊಂದು ಬಟ್ಟಿ ಟೊಪ್ಪಿಗಿ. ಅದ ಲ್ಯಾಂಪಂತ.

ಕೊಲ್ಲಾಪುರದ ಅಂಗಡ್ಯಾಗ

ನಮ್ಮ ಮನಿಯವರದು ಇಚಲಕರಂಜ್ಯಾಗ ಪವರ್‌ಲೂಮು. ಬಟ್ಟಿ ಕಂಡ್ರ ಅವರ ಬೆರಳು ಸುಮ್ಮನಿರೂದಿಲ್ಲ. ಅಂಗಡ್ಯಾವ ಒಂದೊಂದ ದೀಪ ಹಚ್ಚಿ ತೋರಸಾಕತ್ತಿದ್ರ, ಇವರು ಬೆಳಕ ನೋಡೂದು ಬಿಟ್ಟು ಟೊಪ್ಪಿಗಿ ಬಟ್ಟಿ ತಿಕ್ಕಿ ತಿಕ್ಕಿ ನೋಡಿ, "ಇದರಾಗ ಎಳಿ ಕಡದಾವು. ಇದು ಜಾಳ ಐತಿ. ಇದಕ್ಕ ಗಂಜಿ ಭಾಳ ಆಗೇತಿ" ಅಂತ ಎಲ್ಲಾನೂ ಸರಸಿದ್ರು. "ಐತವಾರ ಹತ್ರ ಬಂತ್ರೀ" ಅಂತ ನಾನು ಮೊಣಕೈಲೆ ತಿವದ್ರೂ ಕೇಳವಲ್ರು. ಕಡೀಕ ಅಂಗಡ್ಯಾವ ಕೈ ಮುಗದು ಕೇಳಿದ:

"ಅಹೋ ಸಾಹೇಬ, ನಿಮಗ ಬೇಕಾಗಿದ್ದು ದೀಪಾನೋ, ಶರ್ಟ್ ಪೀಸೋ?"

ಚಾದರದಾಗಿನ ಪೇಶಂಟ್

ಧಕ್ಕಿ ಹತ್ತಬಾರದಂತ ದೀಪಾನ ಟೆಂಪೋದಾಗ ಅಡ್ಡ ಮಲಗಿಸಿ, ಚಾದರ ಹೊಚ್ಚಿ ತಂದ್ವಿ. ಇಳಸೂ ಮುಂದ ಕಂಬ ಅಷ್ಟ ಹೊರಗ ಕಾಣಾಕತ್ತಿತ್ತು. ಎದರ ಮನಿ ಕಾಕು ಎಳನೀರು ಹಿಡಕೊಂಡು ಓಡಿ ಬಂದ್ಲು. "ಸಲೈನ್ ಸ್ಟ್ಯಾಂಡ್ ಮನಿಗೇ ತರೂವಂಥಾದ್ದು ಯಾರಿಗೇನಾತ್ರಿ?"

"ಯಾರಿಗೂ ಏನಾಗಿಲ್ರಿ, ಅದು ದೀಪ" ಅಂದ್ರ ನಂಬವಲ್ಲಳು. ಆಕಿ ತವರಮನಿ ಗಡಹಿಂಗ್ಲಜದಾಗ. ಮುಗೀತಲ್ಲ! ಸಂಜೀಕ ಹುಡುಗನ ಅಪ್ಪನ ಫೋನ್ ಬಂತು. "ಹುಡುಗಿಗಿ ಆರಾಮಿಲ್ಲಂತಲ್ರಿ?"

"ಏ ಇಲ್ಲರೀ, ಸೋಫಾದ ಬಾಜೂಕ ಇಡಾಕ ದೀಪಾ ತಂದೇವ್ರಿ" ಅಂದ್ರು ನಮ್ಮವರು.

"ದೀಪಕ್ಕ ಚಾದರ ಯಾಕ ಹೊಚ್ಚಿದ್ರಿ?"

ಇವರು ಗಾಬರ್ಯಾಗ ಅಂದುಬಿಟ್ರು: "ಹೊರಗ ಥಂಡಿ ಭಾಳ ಇತ್ರಿ!"

ಅಜ್ಜಿ ತಾಟು

ಬಂತು ಐತವಾರ. ನಾವೂ ಜೈನರು, ಅವರೂ ಜೈನರು. ಹಿರೇರು ಹೊತ್ತು ಮುಳುಗಿದ ಮ್ಯಾಲ ಬಾಯಾಗ ತುತ್ತು ಹಾಕೂದಿಲ್ಲ. ಅದಕ್ಕ ಬಿಸಲಿದ್ದಾಗನ ಊಟಾ, ಬಿಸಲಿದ್ದಾಗನ ಮಾತುಕತಿ. ಹಂಗಾರ ದೀಪಾ ಹಚ್ಚೂದು ಯಾವಾಗ? ಅಂಗಡಿ ಅಂಗಡಿ ತಿರಗೂ ಮುಂದ ಯಾರ ತಲ್ಯಾಗೂ ಇದು ಹೊಳೀಲಿಲ್ಲ ನೋಡ್ರಿ! ತಂದದ್ದು ತೋರಸದ ಬಿಡ್ತಾರ ನಮ್ಮವರು? ಕಿಡಕಿ ಪರದೆ ಎಲ್ಲಾ ಎಳದು ಮುಚ್ಚಿ, ದೀಪಾ ಹಚ್ಚಿ, ಅದರ ಬಾಜೂಕ ಎದಿ ಉಬ್ಬಿಸಿ ನಿಂತ್ರು.

ಪ್ರಯಾಣದ ದಣಿವಿಗಿ ಒಳಗಿನ ಖೋಲ್ಯಾಗ ಮಲಗಿದ್ದ ಅಜ್ಜಿ ಎದ್ದು ಬಂದು ತಾಟಿನ ಮುಂದ ಕುಂತ್ರು. ಲ್ಯಾಂಪ್ ನೋಡಿ ಕೈ ಮುಗದ್ರು. "ಅಯ್ಯ, ದೀಪಾ ಹಚ್ಚೇ ಬಿಟ್ರ್ಯಾ! ಹೊತ್ತು ಮುಳಗೇತಿ. ಇನ್ನ ನಂದು ಹೊತ್ತು ಹುಟ್ಟಿದ ಮ್ಯಾಲನ ಊಟಾ" ಅಂತ ಹೋಳಿಗಿ ತಾಟು ಸರಸಿಬಿಟ್ರು.

ಹಿರೇ ಜೀವ ಉಪಾಸ ಹೊಳ್ಳಿ ಹೋದ್ರ ಸಂಬಂಧ ಉಳದೀತ? "ಇನ್ನೂ ಬಿಸಲೈತ್ರಿ ಅಜ್ಜಿ!" ಅಂತ ಒದರಿದೆ. ನಮ್ಮವರು ಪರದೆ ಸರಸೂದು ಬಿಟ್ಟು ದೀಪಾ ಆರಿಸಿದ್ರು! ಗವ್ವಂತ ಕತ್ತಲಿ.

"ನೋಡ್ರಿ, ರಾತ್ರಿನ ಆತು" ಅಂದ್ರು ಅಜ್ಜಿ.

ತಲಿ ಬಗ್ಗಿಸಿ ಕುಂತಿದ್ದ ಮಗಳು ತಡೀಲಾರದ ಎದ್ದು ಪರದೆ ಜಗ್ಗಿದ್ಲು. ಪರದೆ, ಅದರ ಸಳಿ ಎಲ್ಲಾ ಧಡಕ್ಕನ ಕೆಳಗ! ಬಿಸಲು ನೇರ ಅಜ್ಜಿ ಮುಖದ ಮ್ಯಾಲ. ಹೋತು, ಸಂಬಂಧ ಹೋತು ಅಂತ ನಾನು ದೇವರನ್ನ ನೆನೆಸಾಕತ್ತೆ. ಅಜ್ಜಿ ಕಣ್ಣಿಗಿ ಕೈ ಅಡ್ಡ ಹಿಡದು ಕಿಡಕಿ ನೋಡಿದ್ರು. ಮಗಳನ್ನ ನೋಡಿದ್ರು. ತಾಟು ಮುಂದ ಎಳಕೊಂಡ್ರು.

"ಹೊತ್ತು ಹುಟ್ಟಿದ ಮ್ಯಾಲ ಉಣ್ತೇನಿ ಅಂದಿದ್ದೆ, ನಿಮ್ಮ ಹುಡುಗಿ ಹುಟ್ಟಿಸಿದ್ಲು. ತುಪ್ಪಾ ಬಡಸ್ರಿ ಬೀಗರ! ಹುಡುಗಿನ್ನ ನಮ್ಮ ಮನಿಗಿ ಕಳಸ್ರಿ. ಆ ಕಂಬಾ ಮಾತ್ರ ಕಳಸಬ್ಯಾಡ್ರಿ, ನನಗ ಹಸಿವಿ ತಡ್ಯಾಂಗಿಲ್ಲ."