ಮೋಡದ ತಲೆಯ ದೊಡ್ಡಪ್ಪ

ಕಲಾಭಿರುಚಿ ಅನ್ನುವುದು ನನಗೆ ನಲವತ್ತು ದಾಟಿದ ಮೇಲೆ ದಿಢೀರನೆ ಬಂತು. ಬೆಂಗಳೂರಿನ ಪ್ರದರ್ಶನವೊಂದರಲ್ಲಿ ಒಂದು ಸರ್ರಿಯಲಿಸ್ಟ್ ಚಿತ್ರದ ಪ್ರಿಂಟು ಕೊಂಡು ತಂದೆ. ಕೋಟು ತೊಟ್ಟ ಒಬ್ಬ ಮಹನೀಯರು. ತಲೆ ಇರಬೇಕಾದ ಜಾಗದಲ್ಲಿ ಬಿಳೀ ಮೋಡ! "ಮ್ಯೂಸಿಯಂ ದರ್ಜೆ ಸಾರ್, ಬಣ್ಣ ಮಾಸೋದೇ ಇಲ್ಲ" ಅಂದಿದ್ದ ಮಾರಿದವನು. ಆ ಮೋಡದ ಹಿಂದೆ ಏನಿರಬಹುದು ಅಂತ ರೈಲಿನಲ್ಲಿ ಮೈಸೂರು ಬರುವ ತನಕ ಬಿಚ್ಚಿ ಬಿಚ್ಚಿ ನೋಡಿದೆ.

ಚಾಮರಾಜಪುರಂನ ನಮ್ಮ ಮನೆ ಹಾಲಿನಲ್ಲಿ ಇದ್ದದ್ದು ಒಂದೇ ಮೊಳೆ. ಅದರಲ್ಲಿ ನನ್ನ ಹೆಂಡತಿ ಶಾರದೆ ಉಲ್ಲನ್ನಿನಲ್ಲಿ ಹೆಣೆದ ಗಿಳಿ ನೇತಾಡುತ್ತಿತ್ತು. ಗಿಳಿ ಇಳಿಸಿ ಅಲ್ಲಿ ಇದನ್ನು ತಗುಲಿಸೋಣ ಅಂತ ಚಿತ್ರ ಬಿಚ್ಚಿ ತೋರಿಸಿದೆ.

"ತಲೆ ಎಲ್ರೀ ಇವರಿಗೆ?"

"ಅದೇ ಕಣೇ ಸ್ವಾರಸ್ಯ! ಕನಸಿನ ಲೋಕದ ಕಲೆ ಇದು."

"ಭಾನುವಾರ ನಮ್ಮಪ್ಪ ಬರ್ತಾರೆ. ಡ್ರಾಯಿಂಗ್ ಮೇಷ್ಟ್ರಾಗಿದ್ದವರು. ಅವರು ಕಲೆ ಅಂದ್ರೆ ಮೊಳೆ ನಿಮ್ದು. ಇಲ್ದಿದ್ರೆ ನನ್ನ ಗಿಳಿ ವಾಪಸ್!"

ಆಗಲಿ ಅಂದೆ. ದೇವರ ಪಟಕ್ಕೂ ತೀರಿಕೊಂಡ ಹಿರಿಯರ ಫೋಟೋಗೂ ಕಟ್ಟು ಹಾಕುವ ಅಂಗಡಿಯವನಿಗೆ ಚಿತ್ರ ಕೊಟ್ಟು, "ಮರ್ಯಾದೆಯಿಂದ ಕಟ್ಟು ಹಾಕಿ, ಮನೆಗೇ ತಂದು ತಗುಲಿಸಿ" ಎಂದೆ. ಪುಣ್ಯಾತ್ಮ ಮರ್ಯಾದೆಯಲ್ಲಿ ಏನೂ ಕಮ್ಮಿ ಮಾಡಲಿಲ್ಲ! ಭಾನುವಾರ ಬಸ್‌ಸ್ಟ್ಯಾಂಡಿನಿಂದ ಮಾವನವರನ್ನು ಕರೆತಂದು ಹಾಲಿಗೆ ಕಾಲಿಟ್ಟರೆ, ಚಿತ್ರಕ್ಕೆ ಗಂಧದ ಹಾರ, ಮೇಲೊಂದು ಕೆಂಪು ಬಲ್ಬು!

ಮಾವ ಚಪ್ಪಲಿ ಬಿಟ್ಟು, ಕಣ್ಣು ಮುಚ್ಚಿ ಕೈ ಮುಗಿದೇ ಬಿಟ್ಟರು.

"ಯಾರಪ್ಪಾ ಇವರು? ನಿಮ್ಮ ಕಡೆಯವರಾ?"

ಇದೇ ಆ ಚಿತ್ರ ಅಂದರೆ, ಕೈ ಮುಗಿದ ಹಿರಿಯರ ಮಾನ ಏನಾಗಬೇಕು? "ನಮ್ಮ ದೊಡ್ಡಪ್ಪ" ಅಂದ್ಬುಟ್ಟೆ. ನಮ್ಮಪ್ಪನೇ ಮನೆಗೆ ಹಿರೀಮಗ!

"ಮುಖ ಯಾಕೆ ಹಿಂಗಾಯ್ತು?"

"ಚಾಮುಂಡಿ ಬೆಟ್ಟದಲ್ಲಿ ತೆಗೆಸಿದ್ದು ಮಾವ. ಮೋಡ ಅಡ್ಡ ಬಂತು."

"ಇನ್ನೊಂದು ತೆಗೆಸಬಾರದಿತ್ತೇ?"

"ಅಷ್ಟರಲ್ಲಿ ಹೋಗ್ಬುಟ್ರು."

ಅಡುಗೆಮನೆ ಬಾಗಿಲಲ್ಲಿ ಶಾರದೆ ಬಾಯಿಗೆ ಸೆರಗು ತುರುಕಿಕೊಂಡು ಅಲುಗಾಡುತ್ತಿದ್ದಳು. ಮಾವ ಕೂತು ನೀರು ಕುಡಿದರು.

"ಅದೇನೋ ತಲೆ ಇಲ್ದಿರೋ ಚಿತ್ರ ತಂದಿದ್ದೀರಿ ಅಂದ್ಲು ಇವಳು. ಎಲ್ಲಿ?"

"ವಾಪಸ್ ಕೊಟ್ಟೆ."

"ಒಳ್ಳೇದಾಯ್ತು ಬಿಡಿ! ಅಂಥಾದ್ದೆಲ್ಲ ಕಲೆಯೇನ್ರೀ? ಗೋಡೆ ಮೇಲೆ ಹಿರಿಯರಿದ್ರೆ ಮನೆಗೆ ಕಳೆ."

ಮಾವ ಹೋದ ಮೇಲೆ ನಾನೇ ಗಿಳಿ ತಂದು ಮೊಳೆಗೆ ಕೈ ಹಾಕಿದೆ. ಶಾರದೆ ತಡೆದಳು. "ದೊಡ್ಡಪ್ಪನ್ನ ಇಳಿಸ್ತಾರೇನ್ರೀ? ಅಪ್ಪ ಕೇಳಿದ್ರೆ ಏನ್ ಹೇಳ್ಲಿ? ಮೊಳೆ ನಿಮ್ದೇ, ಇಟ್ಕೊಳ್ಳಿ!"

ಮಹಾಲಯ ಅಮಾವಾಸ್ಯೆಗೆ ಮಾವ ಮತ್ತೆ ಬಂದರು. ಅವರೆದುರು ಮೋಡಕ್ಕೆ ವಡೆ, ಪಾಯಸದ ಎಡೆ ಇಟ್ಟು ಉದ್ದಕ್ಕೆ ಅಡ್ಡಬಿದ್ದೆ. ಏಳುವಾಗ ಕತ್ತೆತ್ತಿ ನೋಡಿದೆ. ಮೋಡ ತಂದ ದಿನದಷ್ಟೇ ಬೆಳ್ಳಗಿತ್ತು. ಮಾರಿದವನು ಸುಳ್ಳು ಹೇಳಿರಲಿಲ್ಲ, ಇದರ ಬಣ್ಣ ಮಾಸೋದೇ ಇಲ್ಲ. ನಾನು ಬದುಕಿರೋ ತನಕ ಎಡೆ ತಪ್ಪಿದ್ದಲ್ಲ!