ಹತ್ತಕ್ಕೆ ಹತ್ತು ಹಾಕಿಸಿದ್ದು

ನನಗೊಂದು ಚಟವಿದೆ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಯಾರು ಎದುರಿಗೆ ಕೂತರೂ ಅವರಿಗೆ ಯಾವ ಕೆಲಸ ಒಗ್ಗುತ್ತದೆಂದು ಹೇಳದೆ ಇರಲಾರೆ. ಅವರು ಕೇಳಬೇಕೆಂದೇನೂ ಇಲ್ಲ. ಬಸವಕಲ್ಯಾಣದಲ್ಲಿ ಹಳೇ ಬೈಕು ಕೊಂಡು ಮಾರುವವನು ನಾನು. ಕೈಯಲ್ಲಿ ನಟ್ಟು ಬಿಚ್ಚುವ ಒಂದು ಪಾನಾ ಬಿಟ್ಟರೆ ಬೇರೇನೂ ಇಲ್ಲದೆ ಶುರು ಮಾಡಿದವನು. ಒಂದು ಕಿಕ್ಕಿಗೆ ಗಾಡಿಯ ಗುಣ ಹೇಳುತ್ತೇನೆ, ಮನುಷ್ಯರದೇನು ಮಹಾ? ಮಂಠಾಳದ ಒಬ್ಬ ಮಾತಿನಮಲ್ಲನಿಗೆ ವಕೀಲನಾಗು ಎಂದು ಎರಡು ವರ್ಷ ಬೆನ್ನು ಹತ್ತಿದ್ದೆ. ಅವನೀಗ ಜೇನು ಸಾಕಿಕೊಂಡು ಸುಖವಾಗಿದ್ದಾನೆ. ನನ್ನನ್ನು ಕಂಡರೆ ಮಾತ್ರ ರಸ್ತೆ ದಾಟುತ್ತಾನೆ.

ಇಂಥ ನನ್ನ ಮಗಳು ಶಿವಲೀಲಾ, ಮಾತು ಬಹಳ ಕಮ್ಮಿ. ಅವಳಿಗೆ ಹುಮನಾಬಾದಿನ ತರಬೇತಿ ಕೇಂದ್ರದಲ್ಲಿ ರಕ್ತ ತಪಾಸಣೆಯ ಕೋರ್ಸು ಬೇಕಿತ್ತು. ಒಂದೇ ಸೀಟು ಉಳಿದಿತ್ತು. ಸೇರಿಸಿಕೊಳ್ಳುವ ಮುಂಚೆ ಒಂದು ಫಾರಂ ತುಂಬಬೇಕು: ತಾಳ್ಮೆ, ಧೈರ್ಯ, ಮಾತುಗಾರಿಕೆ ಹೀಗೆ ನಿಮ್ಮ ಸ್ವಭಾವದ ಒಂದೊಂದಕ್ಕೂ ಹತ್ತರಲ್ಲಿ ನೀವೇ ಎಷ್ಟು ಕೊಟ್ಟುಕೊಳ್ಳುತ್ತೀರಿ? ಹುಡುಗಿ ಮಾತಿಗೆ ಮೂರು ಬರೆದು ಕೂತಿದ್ದಳು. ನಾನು ಫಾರಮ್ಮಿನ ಮೇಲೆ ಕೈಯಿಟ್ಟು ತಡೆದೆ.

"ಏ ಅವ್ವಾ, ನೀನ ಮೂರು ಅಂದ್ರ ಅವ್ರು ಒಂದಕ್ಕ ಇಳಸ್ತಾರ. ಎಲ್ಲಾದಕ್ಕೂ ಹತ್ತು ಹಾಕು. ಜಗ್ಯಾಡಿ ಏಳಕ್ಕ ಬಂದು ನಿಲ್ತಾರ."

"ಅಪ್ಪಾ, ಇದು ಗಾಡಿ ವ್ಯಾಪಾರ ಅಲ್ಲ."

"ವ್ಯಾಪಾರ ಅಲ್ಲದ್ದು ಜಗತ್ತಿನ್ಯಾಗ ಏನದ, ತೋರ್ಸು!"

ನನ್ನ ಕಾಟ ತಾಳಲಾರದೆ ಹಾಕಿದಳು. ತಾಳ್ಮೆ ಹತ್ತು, ಸಿಟ್ಟು ಹತ್ತು. ಜನರ ನಡುವೆ ಇರುವ ಆಸೆ ಹತ್ತು, ಒಬ್ಬಳೇ ಇರುವ ಆಸೆಯೂ ಹತ್ತು.

ಹುಮನಾಬಾದಿನ ಬಸ್ಸಿನಲ್ಲಿ ಸೀಟಿದ್ದರೂ ನನಗೆ ಕೂರಲಾಗಲಿಲ್ಲ. ಕೇಂದ್ರದ ಮೇಡಂ ಫಾರಂ ಓದಿ ಕನ್ನಡಕ ತೆಗೆದರು.

"ಹ್ಯಾಂಗವ್ವಾ ಇದು? ತನ್ನ ಸ್ವಭಾವಾನ ತನಗ ಗೊತ್ತಿಲ್ಲದಾಕಿ ಕೈಯಾಗ ಸೂಜಿ ಹ್ಯಾಂಗ ಕೊಡ್ಲಿ?"

ಸೀಟು ಕೈತಪ್ಪುವುದು ಕಂಡಿತು. ನಾನು ಕುರ್ಚಿಯಿಂದ ಎದ್ದೆ. "ಮೇಡಂ, ಎಂಟಕ್ಕ ಮುಗಸ್ರಿ. ನಿಮ್ಮ ಮಾತೂ ಬ್ಯಾಡ, ನಮ್ಮ ಮಾತೂ ಬ್ಯಾಡ."

"ಅಣ್ಣಾರ, ಕಲಿಯಾಕಿ ಅಕಿನೋ ನೀವೋ? ಹೊರಗ ಕೂಡ್ರಿ."

ಹೊರಗೆ ಕೂತೆ, ಎದ್ದೆ, ನೀರು ಕುಡಿದೆ, ಮತ್ತೆ ಎದ್ದೆ. ತಡೆಯಲಾರದೆ ಕಾವಲುಗಾರನಿಗೆ ಟೈರಿನ ಅಂಗಡಿ ಹಾಕೆಂದು ಸಲಹೆಯನ್ನೂ ಕೊಟ್ಟೆ. ಕಿಟಕಿಯಲ್ಲಿ ನೋಡಿದರೆ ಶಿವಲೀಲಾ ಹೊಸ ಫಾರಂ ತುಂಬುತ್ತಿದ್ದಳು. ಅರ್ಧ ತಾಸಿನ ಮೇಲೆ ಬಂದಳು.

"ಸೀಟು?"

"ಸಿಕ್ತು."

"ಮಾತಿಗ ಎಷ್ಟು ಹಾಕಿದಿ?"

"ಎರಡು."

ಮೂರಿದ್ದದ್ದನ್ನು ತಾನೇ ಇಳಿಸಿಕೊಂಡಿದ್ದಾಳೆ! "ಮೇಡಂ ಏನಂದ್ರು?"

"ಪೇಶಂಟ್ ಜೋಡಿ ಮಾತಾಡಾಕ ಎರಡು ಸಾಕು ಅಂದ್ರು. ಹೊರಗ ಕುಂತಾರಲ್ಲ, ಅವರದು ಎಷ್ಟು ಅಂತನೂ ಕೇಳಿದ್ರು."

ಎಷ್ಟು ಹೇಳಿದಳೋ, ನಾನು ವಿಚಾರಿಸಲಿಲ್ಲ.

ಮೂರು ತಿಂಗಳಾದ ಮೇಲೆ ಕೇಂದ್ರದಿಂದ ಕರೆ ಬಂತು. ಕಲಿಯುವವರ ಮನೆಯವರು ಒಂದು ದಿನ ಬಂದು ರಕ್ತ ತೆಗೆಯುವ ಅಭ್ಯಾಸಕ್ಕೆ ತೋಳು ಕೊಡಬೇಕಂತೆ. ಮೇಡಂ ಪಕ್ಕದಲ್ಲೇ ನಿಂತಿದ್ದರು. ನಾನು ಇಸ್ತ್ರಿ ಅಂಗಿಯ ತೋಳು ಮಡಚಿ ಠೀವಿಯಿಂದ ಕೈ ಚಾಚಿದೆ. ಆಮೇಲೆ ಸೂಜಿ ನೋಡಿದೆ.

"ಎಷ್ಟು ತಗೋತಿ ಅವ್ವಾ?"

"ಐದು ಎಂಎಲ್."

"ಎರಡು ಮಾಡು. ಮನೀ ಗಿರಾಕಿ ನಾ."

ಅವಳು ತೋಳಿಗೆ ರಬ್ಬರು ಪಟ್ಟಿ ಬಿಗಿದಳು.

"ಹೋಗ್ಲಿ, ಮೂರು."

ಬೆರಳಿನಿಂದ ನರ ಹುಡುಕಿ ಸೂಜಿ ಇಳಿಸಿದಳು. ನಾನು ಚೌಕಾಸಿಯಲ್ಲಿ ಮೂರೂವರೆಗೆ ಬರುವಷ್ಟರಲ್ಲಿ ಸಿರಿಂಜಿನಲ್ಲಿ ಐದು ತುಂಬಿತ್ತು.