ಹೆದರಿದರಷ್ಟೇ ನೆನಪು

ನಮ್ಮ ಚಿಕ್ಕಪ್ಪನಿಗೆ ಒಂದು ಮಾತು ನೆನಪಿರಬೇಕಾದರೆ ಮೊದಲು ಅವರ ಎದೆ ಧಸಕ್ಕೆನ್ನಬೇಕು! ಸುಮ್ಮನೆ ಹೇಳಿದ್ದೆಲ್ಲ ಕಿವಿಯೊಳಗೆ ಹೋಗಿ, ಸ್ವಲ್ಪ ಹೊತ್ತು ಮೋಡದ ಹಾಗೆ ತೇಲಿ, ಕರಗಿಹೋಗುತ್ತದೆ.

ಕೋಲಾರದ ಕಡೆಯಿಂದ ಬಂದು ಹೊಸೂರಿನ ಕಾರ್ಖಾನೆಯೊಂದರಲ್ಲಿ ಲೇತ್ ಕೆಲಸಕ್ಕೆ ಸೇರಿದವರು. ಮನೆ ಹತ್ತಿರದ ಅವಲಪಲ್ಲಿಯಲ್ಲಿ. ನನಗೂ ಅದೇ ಕಾರ್ಖಾನೆಯಲ್ಲಿ ಕೆಲಸ ಸಿಕ್ಕ ಹೊಸತರಲ್ಲಿ ಅವರ ಮನೆಯಲ್ಲೇ ಇದ್ದೆ. ಚಿಕ್ಕಮ್ಮ ಕೊತ್ತಂಬರಿ ಸೊಪ್ಪು ತರಲು ಕಳಿಸಿದರೆ ಇವರು ಜೂಜುವಾಡಿಯ ತನಕ ನಡೆದು, ಗಡಿ ದಾಟುವ ಲಾರಿಗಳನ್ನು ಕಣ್ತುಂಬ ನೋಡಿಕೊಂಡು, ಮುಸ್ಸಂಜೆಗೆ ಬರಿಗೈಯಲ್ಲಿ ಬರುತ್ತಿದ್ದರು.

"ಸೊಪ್ಪೆಲ್ರೀ?"

"ಯಾವ ಸೊಪ್ಪು?"

ಇಂಥವರಿಗೆ ಅಂಚೆಟ್ಟಿಯ ಆನೆ ಮಾತ್ರ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ! ಮದುವೆಯೊಂದಕ್ಕೆ ಹೋದವರು ಬಸ್ಸು ಸಿಗದೆ ಕಾಡುದಾರಿಯಲ್ಲಿ ನಡೆಯುವಾಗ ಎದುರಾಗಿತ್ತಂತೆ. ಹರಿದ ಎಡಗಿವಿ, ಸೊಂಡಿಲಿಗಂಟಿದ್ದ ರಾಗಿ ತೆನೆ, ಆ ಹೊತ್ತು ಬೀಸಿದ ಗಾಳಿಯ ವಾಸನೆ, ಎಲ್ಲ ಹೇಳುತ್ತಾರೆ. ಮದುವೆ ಯಾರದು ಅಂತ ಮಾತ್ರ ಕೇಳಬೇಡಿ.

ಕಾರ್ಖಾನೆಯ ಡಾಕ್ಟರು ಇದಕ್ಕೆ ಕಾರಣವನ್ನೂ ಕೊಟ್ಟರು. ಹೆದರಿದಾಗ ಮೈಯಲ್ಲಿ ಒಂದು ರಸ ಉಕ್ಕಿ, ಮೆದುಳಿಗೆ 'ಇದನ್ನು ಭದ್ರವಾಗಿ ಇಟ್ಟುಕೋ' ಅನ್ನುತ್ತದಂತೆ. ಅತಿಯಾಗಿ ಉಕ್ಕಿದರೆ ಎಲ್ಲ ಕಲಸಿಹೋಗುತ್ತದಂತೆ. ಚಿಕ್ಕಮ್ಮ ಕೇಳಿಸಿಕೊಂಡದ್ದು ಮೊದಲರ್ಧ ಮಾತ್ರ! ಮರುದಿನ ಬೆಳಿಗ್ಗೆ ಚಿಕ್ಕಪ್ಪ ಕಿಟಕಿಯಾಚೆಯ ಮಂಜಿನಲ್ಲಿ ಕಳೆದುಹೋಗಿದ್ದಾಗ, ಹಿಂದಿನಿಂದ ಹೋಗಿ ಊದಿದ ಕಾಗದದ ಪೊಟ್ಟಣವನ್ನು ಢಬ್ಬೆಂದು ಒಡೆದು, "ಕೊತ್ತಂಬರಿ!" ಎಂದು ಕೂಗಿದರು. ಚಿಕ್ಕಪ್ಪ ಓಡಿದರು. ಅಷ್ಟೇ ವೇಗದಲ್ಲಿ ವಾಪಸ್ಸೂ ಬಂದರು.

"ಪೊಟ್ಟಣ ಒಡದಿದ್ದು ಚೆನ್ನಾಗಿ ನೆನಪೈತೆ. ಆಮ್ಯಾಕೆ ನೀನೇನೋ ಕೂಗ್ದಲ್ಲ, ಏನೇ ಅದು?"

ನಗುತ್ತಿದ್ದ ಮನೆಯ ನಗು ಒಂದು ಭಾನುವಾರ ನಿಂತಿತು. ಇಬ್ಬರೂ ಹೊಸೂರು ಪೇಟೆಗೆ ಹೋಗಿದ್ದರು. ಚಿಕ್ಕಪ್ಪ ಒಬ್ಬರೇ ಬಸ್ಸಿಳಿದು ಬಂದರು.

"ಚಿಕ್ಕಮ್ಮ ಎಲ್ಲಿ?" ಎಂದೆ.

"ಒಳಗಿಲ್ವೇನ್ಲಾ?"

ಮನೆಗಿದ್ದ ಒಂದೇ ಮೊಬೈಲು ಇವರ ಜೇಬಿನಲ್ಲೇ ಇತ್ತು! ಬಸ್ ಸ್ಟ್ಯಾಂಡಿನಲ್ಲಿ ಕಾದು ಕಾದು, ಕೊನೆಗೆ ಆಟೋದಲ್ಲಿ ಬಂದ ಚಿಕ್ಕಮ್ಮ ಬೈಯಲಿಲ್ಲ. ಮಾತೇ ಬಿಟ್ಟರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಕೆಲವು ದಿನ ಕಳೆದ ಮೇಲೆ, ಒಂದು ಸಂಜೆ ಮೂವರೂ ಬಾಗಿಲ ಮೆಟ್ಟಿಲ ಮೇಲೆ ಕೂತಿದ್ದೆವು. ಚಿಕ್ಕಮ್ಮ ಇದ್ದಕ್ಕಿದ್ದಂತೆ ಕೇಳಿದರು: "ನನ್ನ ವಿಷ್ಯ ಒಂದಾದ್ರೂ ನೆನಪೈತೇನ್ರೀ ನಿಮ್ಗೆ?"

ಚಿಕ್ಕಪ್ಪ ಆಕಾಶ ನೋಡುತ್ತಲೇ ಮಾತಾಡಿದರು, ನಿದ್ದೆಯಲ್ಲಿ ಮಾತಾಡುವವರ ಹಾಗೆ.

"ನಿನ್ನ ನೋಡಾಕೆ ಬಂದಿದ್ದೆ. ನೀನು ಹಸಿರು ಸೀರೆ ಉಟ್ಟಿದ್ದೆ. ಬಲಗೈಯಾಗೆ ಒಂದು ಬಳೆ ಬಿರುಕು ಬಿಟ್ಟಿತ್ತು. ಕಾಪಿ ಕೊಡುವಾಗ ಹೆಬ್ಬೆಟ್ಟಿನ ಮ್ಯಾಲೆ ಚೆಲ್ಲಿ, ಸುಟ್ರೂ ಸುಮ್ಕಿದ್ದೆ. ಆಚೆ ಹುಣಸೇ ಮರದಾಗೆ ಗಿಣಿಗಳು ಜಗಳ ಆಡ್ತಿದ್ವು."

ನಾನು ತಡೆಯಲಾರದೆ, "ಇಷ್ಟೆಲ್ಲ ಹೆಂಗೆ ನೆನಪೈತೆ ಚಿಕ್ಕಪ್ಪ?" ಎಂದೆ.

"ಅವತ್ತು ಬೋ ಭಯ ಆಗಿತ್ತು ಕಣ್ಲಾ. ಇವ್ಳು ಒಲ್ಲೆ ಅಂದ್ಬುಟ್ರೆ ಏನ್ ಮಾಡ್ಲಿ ಅಂತ."

ಚಿಕ್ಕಮ್ಮ ತಮ್ಮ ಹೆಬ್ಬೆಟ್ಟನ್ನು ಸವರಿಕೊಂಡರು. ಆಮೇಲೆ ತೀರಾ ಮೆಲ್ಲಗೆ, "ಬಸ್ ಸ್ಟ್ಯಾಂಡಾಗೆ ನಂಗೂ ಭಯ ಆಗಿತ್ತು ರೀ. ನಿಮ್ಗೇನೋ ಆಗ್ಬುಡ್ತು ಅನ್ಕೊಂಡಿದ್ದೆ," ಎಂದರು.

ಚಿಕ್ಕಪ್ಪ ಆಕಾಶದಿಂದ ಕಣ್ಣು ಕಿತ್ತು ಅವರ ಮುಖ ನೋಡಿದರು. ನೋಡುತ್ತಲೇ ಇದ್ದರು.